ಹಾವೇರಿ ಜಿಲ್ಲೆಯಲ್ಲಿ ಸಣ್ಣ ನೊಣಗಳ ಗುರುತಿಸುವಿಕೆ ಮತ್ತು ಛಾಯಾಗ್ರಹಣ

ಸಣ್ಣ ನೊಣಗಳ ಗುರುತಿಸುವಿಕೆ ಮತ್ತು ಛಾಯಾಗ್ರಹಣವು ಡಿಪ್ಟೆರಾ ಗಣಕ್ಕೆ ಸೇರಿದ, ಸಾಮಾನ್ಯವಾಗಿ ೧ರಿಂದ ೮ ಮಿಲಿಮೀಟರ್ ಉದ್ದದ ಕೀಟಗಳನ್ನು ಸಮೀಪದಿಂದ ಚಿತ್ರೀಕರಿಸಿ, ಅವುಗಳ ಕುಟುಂಬ, ಕುಲ ಮತ್ತು ಸಾಧ್ಯವಾದಲ್ಲಿ ಪ್ರಭೇದವನ್ನು ನಿರ್ಧರಿಸುವ ಅಧ್ಯಯನ ವಿಧಾನವಾಗಿದೆ. ಇದನ್ನು ವೃತ್ತಿಪರ ಕೀಟಶಾಸ್ತ್ರಜ್ಞರಲ್ಲದೆ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ರೈತರೂ ಹವ್ಯಾಸವಾಗಿ ಕೈಗೊಳ್ಳಬಹುದು. ಕರ್ನಾಟಕದ ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳಲ್ಲಿ ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಹಾಗೂ ತರಕಾರಿಗಳು ಪ್ರಮುಖ ಬೆಳೆಗಳಾಗಿರುವುದರಿಂದ ಈ ಹವ್ಯಾಸಕ್ಕೆ ಅಲ್ಲಿ ಪ್ರಾಯೋಗಿಕ ಮಹತ್ವವೂ ಇದೆ. ಮೂರು ಮಿಲಿಮೀಟರಿನ ನೊಣವೊಂದನ್ನು ತಪ್ಪಾಗಿ ಹೆಸರಿಸಿದರೆ ಹೊಲಕ್ಕೆ ತಪ್ಪು ಔಷಧ ಬೀಳುತ್ತದೆ, ಇಲ್ಲವೇ ಬೆಳೆಗೆ ನೆರವಾಗುವ ಕೀಟವೇ ಸಾಯುತ್ತದೆ. ಚಿತ್ರವು ಎಷ್ಟೇ ಸ್ಪಷ್ಟವಾಗಿದ್ದರೂ ಅದೊಂದರಿಂದಲೇ ಪ್ರಭೇದವನ್ನು ನಿರ್ಣಯಿಸಲು ಅನೇಕ ಗುಂಪುಗಳಲ್ಲಿ ಸಾಧ್ಯವಿಲ್ಲ. ನೊಣ ದೊರೆತ ಗಿಡ, ದಿನಾಂಕ ಮತ್ತು ಜೋಪಾನವಾಗಿರಿಸಿದ ಮಾದರಿ ಜೊತೆಗಿದ್ದಾಗ ಮಾತ್ರ ಚಿತ್ರವು ಪುರಾವೆಯಾಗುತ್ತದೆ.

ಹಿನ್ನೆಲೆ

ಡಿಪ್ಟೆರಾ ಎಂಬ ಹೆಸರನ್ನು ಕಾರ್ಲ್ ಲಿನೇಯಸ್ ೧೭೫೮ರಲ್ಲಿ ಬಳಸಿದನು. ಈವರೆಗೆ ಜಗತ್ತಿನಲ್ಲಿ ಸುಮಾರು ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಭೇದಗಳು ವಿವರಿಸಲ್ಪಟ್ಟಿವೆ. ಸೊಳ್ಳೆ, ನೊರಜು, ಗುಂಗುರು, ಮನೆನೊಣ, ಹಣ್ಣು ನೊಣ ಎಲ್ಲವೂ ಇದರೊಳಗೆ ಬರುತ್ತವೆ.

ಭಾರತದ ನೊಣಗಳ ಕುರಿತ ಮೊದಲ ವ್ಯವಸ್ಥಿತ ಗ್ರಂಥಗಳನ್ನು ಬರೆದವನು ಎನ್ರಿಕೊ ಬ್ರೂನೆಟ್ಟಿ (೧೮೬೨–೧೯೨೭). ವೃತ್ತಿಯಿಂದ ಸಂಗೀತಗಾರನಾಗಿದ್ದ ಈತನು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಸಂಗ್ರಹವನ್ನು ಅಧ್ಯಯನ ಮಾಡಿ, 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ೧೯೧೨, ೧೯೨೦ ಮತ್ತು ೧೯೨೩ರಲ್ಲಿ ಡಿಪ್ಟೆರಾ ಸಂಪುಟಗಳನ್ನು ಹೊರತಂದನು. ಹವ್ಯಾಸಿಯೊಬ್ಬನು ಆರಂಭಿಸಿದ ಕೆಲಸವೇ ಇಂದಿಗೂ ಹಲವು ಕುಟುಂಬಗಳಿಗೆ ಮೊದಲ ಆಕರವಾಗಿ ಉಳಿದಿದೆ. ಡೆಲ್ಫಿನಾಡೊ ಮತ್ತು ಹಾರ್ಡಿ ಸಂಪಾದಿಸಿದ ಪೌರ್ವಾತ್ಯ ವಲಯದ ಡಿಪ್ಟೆರಾ ಪಟ್ಟಿಯು ೧೯೭೩ರಿಂದ ೧೯೭೭ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಈ ಗ್ರಂಥಗಳಲ್ಲಿನ ಹೆಸರುಗಳು ಈಗ ಬಹಳಷ್ಟು ಬದಲಾಗಿವೆ. ಉದಾಹರಣೆಗೆ, ಹಳೆಯ ಪುಸ್ತಕಗಳಲ್ಲಿ ಡೇಕಸ್ ಎಂದೂ ಅನಂತರ ಬ್ಯಾಕ್ಟ್ರೋಸೆರಾ ಎಂದೂ ಕರೆಯಲ್ಪಟ್ಟ ಸೌತೆ ಜಾತಿಯ ಹಣ್ಣು ನೊಣವು ಇಂದು ಜ್ಯೂಗೋಡೇಕಸ್ ಕುಲದಲ್ಲಿದೆ.

ಹಾವೇರಿ ಜಿಲ್ಲೆಯು ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು. ತುಂಗಭದ್ರಾ ಮತ್ತು ವರದಾ ನದಿಗಳ ದಂಡೆ, ಎರೆಭೂಮಿಯ ಹತ್ತಿ ಹೊಲ, ಬ್ಯಾಡಗಿಯ ಸುತ್ತಲಿನ ಮೆಣಸಿನ ತೋಟ, ರಾಣೇಬೆನ್ನೂರಿನ ಕುರುಚಲು ಕಾಡು ಇವೆಲ್ಲವೂ ಸ್ವಲ್ಪವೇ ದೂರದಲ್ಲಿರುವುದರಿಂದ ಒಂದೇ ದಿನದಲ್ಲಿ ಬೇರೆ ಬೇರೆ ಆವಾಸಗಳ ನೊಣಗಳನ್ನು ನೋಡಲು ಅವಕಾಶವಿದೆ. ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಹಾಗೂ ಕೃಷಿ ಮಹಾವಿದ್ಯಾಲಯಗಳಿವೆ.

ನೊಣವೆಂದು ಖಚಿತಪಡಿಸಿಕೊಳ್ಳುವುದು

ನೊಣಕ್ಕೆ ಒಂದೇ ಜೊತೆ ರೆಕ್ಕೆ. ಹಿಂದಿನ ಜೊತೆಯು ಗುಂಡು ತಲೆಯ ಗುಂಡುಸೂಜಿಯಂತಹ ಸಮತೋಲಕಗಳಾಗಿ ಮಾರ್ಪಟ್ಟಿದೆ. ರೆಕ್ಕೆಯ ಬುಡದ ಹಿಂಬದಿಯಲ್ಲಿ ಈ ಸಮತೋಲಕವು ಕಾಣಿಸುವ ಒಂದು ಚಿತ್ರವಿದ್ದರೆ ಕೀಟವು ಕಣಜವೋ ನೊಣವೋ ಎಂಬ ಸಂಶಯ ಅಲ್ಲಿಗೇ ಮುಗಿಯುತ್ತದೆ. ಈ ಪರೀಕ್ಷೆಯನ್ನು ಬಿಟ್ಟುಬಿಡುವ ರೂಢಿ ವ್ಯಾಪಕವಾಗಿದೆ. ಹೂಗಳ ಮೇಲೆ ಹಾರಾಡುವ ಸಿರ್ಫಿಡ್ ನೊಣಗಳನ್ನು ಅವುಗಳ ಹಳದಿ-ಕಪ್ಪು ಪಟ್ಟೆಗಳಿಂದಾಗಿ ಜೇನುನೊಣವೆಂದೋ ಕಣಜವೆಂದೋ ಭಾವಿಸಲಾಗುತ್ತದೆ. 'ಜೇನುನೊಣ' ಎಂಬ ಕನ್ನಡ ಪದವೇ ಗೊಂದಲಕ್ಕೆ ಎಡೆಮಾಡುತ್ತದೆ. ನಾಲ್ಕು ರೆಕ್ಕೆಗಳಿರುವ ಜೇನುನೊಣವು ವೈಜ್ಞಾನಿಕ ಅರ್ಥದಲ್ಲಿ ನೊಣವೇ ಅಲ್ಲ.

ಅನಂತರ ನೋಡಬೇಕಾದುದು ಕುಡಿಮೀಸೆ. ಅದು ಸೊಳ್ಳೆಯಂತೆ ಉದ್ದವಾಗಿ ಅನೇಕ ಗೆಣ್ಣುಗಳಿಂದ ಕೂಡಿದ್ದರೆ ಕೀಟವು ನೊರಜುಗಳ ಗುಂಪಿಗೂ, ಮೂರು ಗೆಣ್ಣುಗಳಷ್ಟು ಮೊಟಕಾಗಿದ್ದು ಕೊನೆಯದರ ಮೇಲೆ ಕೂದಲಿನಂತಹ ಎಳೆಯೊಂದಿದ್ದರೆ ಮನೆನೊಣದ ಬಳಗಕ್ಕೂ ಸೇರಿರುತ್ತದೆ. ರೆಕ್ಕೆಯ ನರಗಳ ವಿನ್ಯಾಸ, ಎದೆ ಮತ್ತು ತಲೆಯ ಮೇಲಿನ ದಪ್ಪ ಮುಳ್ಳುಗೂದಲುಗಳ ಸ್ಥಾನ, ಕಾಲಿನ ಬಣ್ಣ ಇವು ಮುಂದಿನ ಹಂತದ ಲಕ್ಷಣಗಳು. ಅನೇಕ ಕುಟುಂಬಗಳಲ್ಲಿ ಗಂಡಿನ ಸಂಯುಕ್ತ ಕಣ್ಣುಗಳು ನೆತ್ತಿಯಲ್ಲಿ ಒಂದನ್ನೊಂದು ಮುಟ್ಟುತ್ತವೆ. ಹೆಣ್ಣಿನಲ್ಲಿ ನಡುವೆ ಅಂತರವಿರುತ್ತದೆ. ಪ್ರಭೇದ ನಿರ್ಣಯವು ಹಲವು ಕಡೆ ಗಂಡಿನ ಜನನಾಂಗದ ರಚನೆಯನ್ನೇ ಅವಲಂಬಿಸಿರುವುದರಿಂದ ಲಿಂಗವನ್ನು ತಿಳಿಯುವುದು ಮುಖ್ಯ.

ಉತ್ತರ ಅಮೆರಿಕ ಮತ್ತು ಯುರೋಪಿನ ನೊಣಗಳಿಗಾಗಿ ಸಿದ್ಧಪಡಿಸಿದ ಗುರುತಿನ ಕೋಷ್ಟಕಗಳು ಸುಲಭವಾಗಿ ದೊರೆಯುತ್ತವೆ. ಅವು ಕುಟುಂಬದವರೆಗೆ ಬಹುಮಟ್ಟಿಗೆ ಉಪಯುಕ್ತ. ಆದರೆ ಕುಲ ಮತ್ತು ಪ್ರಭೇದದ ಮಟ್ಟದಲ್ಲಿ ಅವುಗಳನ್ನು ಹಾವೇರಿಯ ನೊಣಕ್ಕೆ ಅನ್ವಯಿಸಿದರೆ ಕೋಷ್ಟಕವು ಯಾವುದಾದರೊಂದು ಹೆಸರನ್ನು ಕೊಟ್ಟೇ ಕೊಡುತ್ತದೆ. ಆ ಹೆಸರಿನ ಪ್ರಭೇದ ಭಾರತದಲ್ಲಿ ಇಲ್ಲದಿರಬಹುದು.

ಜಿಲ್ಲೆಯ ಬೆಳೆಗಳಲ್ಲಿನ ಸಣ್ಣ ನೊಣಗಳು

ಹತ್ತಿ: ಭಾರತದಲ್ಲಿ ಬಿಟಿ ಹತ್ತಿಗೆ ೨೦೦೨ರಲ್ಲಿ ಅನುಮತಿ ದೊರೆಯಿತು. ಅದರಲ್ಲಿನ ವಿಷಕಾರಿ ಪ್ರೋಟೀನು ಕಾಯಿಕೊರಕದಂತಹ ಪತಂಗದ ಮರಿಹುಳುಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ೨೦೦೯ರ ಸುಮಾರಿಗೆ ಹಾವೇರಿ ಭಾಗದ ಬಿಟಿ ಹತ್ತಿಯಲ್ಲಿ ಹೂಮೊಗ್ಗುಗಳು ಅರಳದೆ ಒಣಗಿ ಉದುರುವುದು ಕಂಡುಬಂದಿತು. ಇದಕ್ಕೆ ಕಾರಣವಾದದ್ದು ಪತಂಗವಲ್ಲ, ಸೆಸಿಡೋಮೈಯಿಡೆ ಕುಟುಂಬದ ಡ್ಯಾಸಿನ್ಯೂರಾ ಗಾಸಿಪೈ ಎಂಬ ಅತಿ ಸಣ್ಣ ನೊಣದ ಮರಿಹುಳು. ಈ ಪ್ರಭೇದವನ್ನು ಪೂಸಾದ ಸಂಶೋಧನಾ ಸಂಸ್ಥೆಯಲ್ಲಿ ಕೀಟತಜ್ಞನಾಗಿದ್ದ ಟಿ. ಬೈನ್‌ಬ್ರಿಗ್ ಫ್ಲೆಚರ್ ಬಹಳ ಹಿಂದೆಯೇ ಹೆಸರಿಸಿದ್ದನು.

ಗುಲಾಬಿ ಕಾಯಿಕೊರಕವೂ ಹೂವಿನ ಎಸಳುಗಳನ್ನು ಹೆಣೆದು ಅರಳದಂತೆ ಮಾಡುತ್ತದೆ. ಆದ್ದರಿಂದ ದೂರದಿಂದ ನೋಡಿದವರಿಗೆ ಎರಡೂ ಒಂದೇ ರೋಗದಂತೆ ತೋರುತ್ತವೆ. ಮೊಗ್ಗನ್ನು ಸೀಳಿ ನೋಡಿದಾಗ ಅಂತರ ಸ್ಪಷ್ಟ. ಕಾಯಿಕೊರಕದ ಹುಳುವಿಗೆ ಗಟ್ಟಿಯಾದ ಕಂದು ತಲೆ ಮತ್ತು ಕಾಲುಗಳಿವೆ. ನೊಣದ ಮರಿಹುಳುವಿಗೆ ಕಾಲಿಲ್ಲ, ಎದ್ದುಕಾಣುವ ತಲೆಯೂ ಇಲ್ಲ. ಈ ಕುಟುಂಬದ ಬಲಿತ ಮರಿಹುಳುಗಳ ಎದೆಯ ಕೆಳಭಾಗದಲ್ಲಿ ಕಂದುಬಣ್ಣದ ಚಿಕ್ಕ ಸೌಟಿನಾಕಾರದ ಪಟ್ಟಿಯೊಂದು ಸಾಮಾನ್ಯವಾಗಿ ಇರುತ್ತದೆ. ಹುಳುವನ್ನು ಅಂಗಾತ ಮಲಗಿಸಿ ಆ ಪಟ್ಟಿಯನ್ನು ಚಿತ್ರೀಕರಿಸಿದರೆ ಕುಟುಂಬವು ಖಚಿತವಾಗುತ್ತದೆ. ಬೆನ್ನಿನ ಚಿತ್ರ ಹತ್ತು ಇದ್ದರೂ ಅಷ್ಟು ಉಪಯೋಗವಿಲ್ಲ.

ಮೆಣಸಿನಕಾಯಿ: ೨೦೧೧ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿಯು ಬಣ್ಣಕ್ಕೆ ಹೆಸರಾಗಿದ್ದು, ಕಾಯಿಯ ರೂಪ ಕೆಟ್ಟರೆ ಬೆಲೆಯೂ ಕುಸಿಯುತ್ತದೆ. ದಕ್ಷಿಣ ಭಾರತದ ಮೆಣಸಿನ ಬೆಳೆಯಲ್ಲಿ ಆಸ್ಫಾಂಡೈಲಿಯಾ ಕುಲದ ಗಂಟುನೊಣ ದಾಖಲಾಗಿದೆ. ಇದರ ಮರಿಹುಳು ಹೂವಿನ ಅಂಡಾಶಯದೊಳಗೆ ಬೆಳೆಯುವುದರಿಂದ ಕಾಯಿಯು ಮೊಟಕಾಗಿ, ಊದಿಕೊಂಡು, ಸೊಟ್ಟಗಾಗುತ್ತದೆ. ಥ್ರಿಪ್ಸ್ ಅಥವಾ ನುಸಿಯಿಂದಾಗುವ ಮುಟುರು ರೋಗದೊಂದಿಗೆ ಇದನ್ನು ಬೆರೆಸುವುದುಂಟು. ಪ್ರೌಢ ನೊಣವು ಹೊರಬಂದ ನಂತರ ಅದರ ಖಾಲಿ ಕೋಶವು ಕಾಯಿಯ ರಂಧ್ರದಲ್ಲಿ ಅರ್ಧ ಚಾಚಿಕೊಂಡು ನಿಲ್ಲುತ್ತದೆ. ಛಾಯಾಗ್ರಾಹಕನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು, ಏಕೆಂದರೆ ಅದು ಹಾರಿಹೋಗುವುದಿಲ್ಲ.

ತರಕಾರಿ: ಟೊಮ್ಯಾಟೊ, ಸೌತೆ, ಅವರೆ ಮುಂತಾದವುಗಳ ಎಲೆಗಳ ಮೇಲೆ ಬಿಳಿಯ ಸುರುಳಿ ಗೆರೆಗಳನ್ನು ಮೂಡಿಸುವ 'ರಂಗೋಲಿ ಹುಳು' ವಾಸ್ತವವಾಗಿ ಲಿರಿಯೊಮೈಝಾ ಕುಲದ ನೊಣದ ಮರಿ. ಸುಮಾರು ೨ ಮಿ.ಮೀ. ಉದ್ದದ ಪ್ರೌಢ ನೊಣವು ಹಳದಿ-ಕಪ್ಪು ಬಣ್ಣದ್ದು. ಲಿರಿಯೊಮೈಝಾ ಟ್ರೈಫೋಲಿಯ ಎದೆಯ ಮೇಲ್ಭಾಗ ಬೂದು ಛಾಯೆಯಿಂದ ಮಂಕಾಗಿದ್ದು, ನೆತ್ತಿಯ ಎರಡು ಜೊತೆ ಮುಳ್ಳುಗೂದಲುಗಳು ಹಳದಿ ಭಾಗದಲ್ಲಿಯೇ ನೆಲೆಗೊಂಡಿರುತ್ತವೆ. ಲಿರಿಯೊಮೈಝಾ ಸಟೈವೆಯಲ್ಲಿ ಎದೆಯು ಹೊಳೆಯುವ ಕಪ್ಪಾಗಿದ್ದು, ಹೊರಗಿನ ಜೊತೆಯು ಕಪ್ಪು ಭಾಗದಲ್ಲಿರುತ್ತದೆ. ಮಿಂಚುದೀಪದ ನೇರ ಬೆಳಕು ಬಿದ್ದರೆ ಮಂಕು ಮೈಯೂ ಹೊಳೆದು ಈ ಭೇದವೇ ಅಳಿಸಿಹೋಗುತ್ತದೆ. ಅಂತಿಮ ನಿರ್ಣಯಕ್ಕೆ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಜೋಳದ ಸುಳಿ ನೊಣವೂ (ಅಥೆರಿಗೋನಾ ಸೊಕ್ಕಾಟ) ಇದೇ ಬಗೆಯದು. ಬೂದುಬಣ್ಣದ ಈ ನೊಣವು ನೋಟಕ್ಕೆ ಸಣ್ಣ ಮನೆನೊಣದಂತಿದ್ದು, ತನ್ನ ಕುಲದ ಇತರ ಪ್ರಭೇದಗಳಿಂದ ಪ್ರತ್ಯೇಕಿಸಲು ಗಂಡಿನ ಉದರದ ತುದಿಯಲ್ಲಿನ ಮೂರೆಸಳಿನ ರಚನೆಯೇ ಆಧಾರ. ಎಳೆಯ ಸಸಿಯ ಸುಳಿ ಒಣಗಿ, ಎಳೆದರೆ ಕಿತ್ತುಬರುವ ಲಕ್ಷಣವನ್ನು ಜೊತೆಗೆ ಚಿತ್ರೀಕರಿಸಿದರೆ ನಿರ್ಣಯಕ್ಕೆ ಬಲ ಬರುತ್ತದೆ.

ಹಣ್ಣು: ಮಾವು, ಪೇರಲ ಹಾಗೂ ಬಳ್ಳಿ ತರಕಾರಿಗಳ ಹಣ್ಣು ನೊಣಗಳು ತುಲನಾತ್ಮಕವಾಗಿ ದೊಡ್ಡವು ಮತ್ತು ರೆಕ್ಕೆಯ ಗುರುತುಗಳಿಂದ ಕೂಡಿರುವುದರಿಂದ ಹೊಸಬರು ಇವುಗಳಿಂದ ಆರಂಭಿಸುವುದು ಒಳಿತು. ಬ್ಯಾಕ್ಟ್ರೋಸೆರಾ ಡೋರ್ಸಾಲಿಸ್‌ನಲ್ಲಿ ರೆಕ್ಕೆಯ ಮುಂದಂಚಿನ ಕಂದು ಪಟ್ಟಿ ತುದಿಯವರೆಗೂ ಅಖಂಡವಾಗಿರುತ್ತದೆ. ಬ್ಯಾಕ್ಟ್ರೋಸೆರಾ ಝೊನಾಟಾ ಮತ್ತು ಬ್ಯಾಕ್ಟ್ರೋಸೆರಾ ಕರೆಕ್ಟಾಗಳಲ್ಲಿ ಪಟ್ಟಿಯು ನಡುವೆ ಕಡಿದು ತುದಿಯಲ್ಲಿ ಒಂದು ಚುಕ್ಕೆ ಉಳಿದಿರುತ್ತದೆ. ಕೊನೆಯ ಎರಡನ್ನು ಬೇರ್ಪಡಿಸಲು ಮುಖದ ಚಿತ್ರ ಬೇಕು. ಝೊನಾಟಾದ ಮುಖದಲ್ಲಿ ಎರಡು ಬಿಡಿ ಕಪ್ಪು ಚುಕ್ಕೆಗಳಿದ್ದರೆ, ಕರೆಕ್ಟಾದಲ್ಲಿ ಅವು ಅಡ್ಡಗೆರೆಯಂತೆ ಹಿಗ್ಗಿರುತ್ತವೆ. ಸೌತೆ ಜಾತಿಯ ಜ್ಯೂಗೋಡೇಕಸ್ ಕುಕುರ್ಬಿಟೆಯ ಎದೆಯ ಮೇಲೆ ಮೂರು ಹಳದಿ ಗೆರೆಗಳಿವೆ. ಇಷ್ಟೆಲ್ಲ ಇದ್ದರೂ ಡೋರ್ಸಾಲಿಸ್‌ಗೆ ದಕ್ಷಿಣ ಭಾರತದಲ್ಲಿ ಬ್ಯಾಕ್ಟ್ರೋಸೆರಾ ಕ್ಯಾರಿಯೆಯಂತಹ ಹತ್ತಿರದ ಸಂಬಂಧಿಗಳಿವೆ. ತೊಡೆಯ ಕಪ್ಪು ಗುರುತು ಕಾಣದ ಚಿತ್ರಕ್ಕೆ 'ಡೋರ್ಸಾಲಿಸ್ ಗುಂಪು' ಎಂದು ಬರೆಯುವುದೇ ಪ್ರಾಮಾಣಿಕ.

ಮೀಥೈಲ್ ಯುಜಿನಾಲ್ ಹಾಕಿದ ಮೋಹಕ ಬಲೆಯಲ್ಲಿ ಡೋರ್ಸಾಲಿಸ್, ಝೊನಾಟಾ ಮತ್ತು ಕರೆಕ್ಟಾಗಳ ಗಂಡು ನೊಣಗಳು ಬೀಳುತ್ತವೆ. ಕುಕುರ್ಬಿಟೆಯ ಗಂಡುಗಳನ್ನು ಕ್ಯೂ-ಲ್ಯೂರ್ ಸೆಳೆಯುತ್ತದೆ. ಆದ್ದರಿಂದ ಬಲೆಯಲ್ಲಿ ಸಿಕ್ಕ ನೊಣದ ಚಿತ್ರಕ್ಕೆ ಯಾವ ಮೋಹಕವನ್ನು ಬಳಸಲಾಗಿತ್ತು ಎಂಬ ಟಿಪ್ಪಣಿ ಅಗತ್ಯ.

ಉಪಕಾರಿ ನೊಣಗಳು: ಇಸ್ಕಿಯೋಡಾನ್, ಪ್ಯಾರಾಗಸ್ ಮೊದಲಾದ ಸಿರ್ಫಿಡ್ ನೊಣಗಳ ಮರಿಹುಳುಗಳು ಸಸ್ಯಹೇನುಗಳನ್ನು ತಿನ್ನುತ್ತವೆ. ಹೇನು ತುಂಬಿದ ಕುಡಿಯ ಮೇಲೆ ತೆವಳುವ ಹಸಿರು ಅಥವಾ ಕಂದುಬಣ್ಣದ ಕಾಲಿಲ್ಲದ ಹುಳುವನ್ನು ಬೆಳೆಯ ಶತ್ರುವೆಂದು ತಿಳಿದು ಔಷಧ ಸಿಂಪಡಿಸುವುದು ಉಂಟು. ರೇಷ್ಮೆ ಬೆಳೆಗಾರರಿಗೆ ಪರಿಚಿತವಾದ, ೧೯೮೦ರಲ್ಲಿ ಕರ್ನಾಟಕವನ್ನು ಪ್ರವೇಶಿಸಿದ ಊಜಿ ನೊಣವು (ಎಕ್ಸೊರಿಸ್ಟಾ ಬಾಂಬಿಸಿಸ್) ಟ್ಯಾಕಿನಿಡೆ ಕುಟುಂಬದ್ದು. ಇದೇ ಕುಟುಂಬದ ಇತರ ಅನೇಕ ನೊಣಗಳು ಬೆಳೆ ತಿನ್ನುವ ಮರಿಹುಳುಗಳ ಪರಾವಲಂಬಿಗಳಾಗಿ ರೈತನಿಗೆ ನೆರವಾಗುತ್ತವೆ. ಊಜಿಯ ಎದೆಯ ಮೇಲೆ ನಾಲ್ಕು ಕಪ್ಪು ಗೆರೆಗಳಿದ್ದರೆ, ಅದರೊಂದಿಗೆ ಗೊಂದಲಕ್ಕೊಳಗಾಗುವ ಮಾಂಸದ ನೊಣಕ್ಕೆ ಮೂರು.

ಛಾಯಾಗ್ರಹಣ

ಗುರುತಿಸುವಿಕೆಗಾಗಿ ತೆಗೆಯುವ ಚಿತ್ರವು ಅಂದದ ಚಿತ್ರಕ್ಕಿಂತ ಭಿನ್ನ. ಒಂದೇ ನೊಣದ ಬೆನ್ನು, ಪಕ್ಕ, ಮುಖ, ಚಾಚಿದ ರೆಕ್ಕೆ ಮತ್ತು ಉದರದ ತುದಿ ಹೀಗೆ ಕನಿಷ್ಠ ನಾಲ್ಕೈದು ನೋಟಗಳು ಬೇಕಾಗುತ್ತವೆ. ಜೀವಂತ ನೊಣದಲ್ಲಿ ಇವೆಲ್ಲ ಸಿಗುವುದು ಕಷ್ಟ. ಮುಂಜಾನೆಯ ತಂಪಿನಲ್ಲಿ ನೊಣಗಳು ನಿಧಾನವಾಗಿರುವುದರಿಂದ ಸೂರ್ಯೋದಯದ ಆಸುಪಾಸಿನ ಸಮಯ ಅನುಕೂಲಕರ.

ಮೀಸಲಾದ ಮ್ಯಾಕ್ರೊ ಮಸೂರವು ೧:೧ ವರ್ಧನೆಯನ್ನು ಕೊಡುತ್ತದೆ, ಅಂದರೆ ೩ ಮಿ.ಮೀ. ನೊಣವು ಕ್ಯಾಮೆರಾದ ಸಂವೇದಕದ ಮೇಲೂ ೩ ಮಿ.ಮೀ. ಆಗಿಯೇ ಮೂಡುತ್ತದೆ. ಕಡಿಮೆ ವೆಚ್ಚದಲ್ಲಿ ಇದನ್ನೇ ಸಾಧಿಸಲು ಸಾಮಾನ್ಯ ೫೦ ಮಿ.ಮೀ. ಮಸೂರವನ್ನು ತಿರುವುಮುರುವಾಗಿ ಜೋಡಿಸುವ ಉಂಗುರವನ್ನು ಬಳಸಲಾಗುತ್ತದೆ. ೨೮ ಮಿ.ಮೀ. ಮಸೂರವನ್ನು ಹೀಗೆ ಜೋಡಿಸಿದರೆ ವರ್ಧನೆ ಎರಡು ಪಟ್ಟನ್ನೂ ಮೀರುತ್ತದೆ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಮಸೂರಗಳು ೫ ಮಿ.ಮೀ.ಗಿಂತ ದೊಡ್ಡ ನೊಣಗಳಿಗೆ ಸಾಕಾಗುತ್ತವೆ. ಶಾಲೆ-ಕಾಲೇಜುಗಳಲ್ಲಿರುವ ಸ್ಟೀರಿಯೊ ಸೂಕ್ಷ್ಮದರ್ಶಕದ ನೇತ್ರಮಸೂರಕ್ಕೆ ಮೊಬೈಲ್ ಹಿಡಿದು ತೆಗೆದ ಚಿತ್ರವು ಎಷ್ಟೋ ಸಲ ದುಬಾರಿ ಮಸೂರದ ಚಿತ್ರಕ್ಕಿಂತ ಹೆಚ್ಚಿನ ಮಾಹಿತಿಯನ್ನು ನೀಡುತ್ತದೆ.

ಇಲ್ಲಿನ ಮುಖ್ಯ ತೊಡಕು ಸ್ಪಷ್ಟತೆಯ ಆಳ. ೧:೧ ವರ್ಧನೆಯಲ್ಲಿ ಎಫ್/೮ ದ್ವಾರವಿದ್ದಾಗ ಸುಮಾರು ೧ ಮಿ.ಮೀ. ದಪ್ಪದ ಪದರವಷ್ಟೇ ಸ್ಪಷ್ಟವಾಗಿರುತ್ತದೆ. ವರ್ಧನೆಯನ್ನು ನಾಲ್ಕು ಪಟ್ಟಿಗೆ ಏರಿಸಿದರೆ ಅದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ದ್ವಾರವನ್ನು ಎಫ್/೨೨ರವರೆಗೆ ಕಿರಿದುಗೊಳಿಸಿದರೆ ಆಳ ಹೆಚ್ಚಿದಂತೆ ತೋರಿದರೂ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಸುಕಾಗುತ್ತದೆ. ಪರಿಹಾರವಾಗಿ ಫೋಕಸ್ ಸ್ಟ್ಯಾಕಿಂಗ್ ವಿಧಾನವನ್ನು ಅನುಸರಿಸಲಾಗುತ್ತದೆ. ಕ್ಯಾಮೆರಾವನ್ನು ಅಥವಾ ಮಾದರಿಯನ್ನು ಅತ್ಯಲ್ಪ ದೂರ ಸರಿಸುತ್ತ ಹತ್ತಾರು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ತಂತ್ರಾಂಶದ ಮೂಲಕ ಒಂದುಗೂಡಿಸುವುದು ಈ ವಿಧಾನ. ಝೆರೀನ್ ಸ್ಟ್ಯಾಕರ್ ಮತ್ತು ಹೆಲಿಕಾನ್ ಫೋಕಸ್ ಹಣ ಕೊಟ್ಟು ಪಡೆಯುವ ತಂತ್ರಾಂಶಗಳು. ಕಂಬೈನ್‌ಝಡ್‌ಪಿ ಉಚಿತ. ಜೋಡಿಸುವಾಗ ಒಂದರ ಮೇಲೊಂದು ಹಾಯುವ ಮುಳ್ಳುಗೂದಲುಗಳು ಕಳೆದುಹೋಗುವ ಅಥವಾ ಇಮ್ಮಡಿಯಾಗುವ ಸಾಧ್ಯತೆಯಿರುವುದರಿಂದ ಮೂಲ ಚಿತ್ರಗಳನ್ನು ಅಳಿಸಬಾರದು. ಕೂದಲಿನ ಎಣಿಕೆಯಿಂದಲೇ ಪ್ರಭೇದ ತೀರ್ಮಾನವಾಗುವ ಗುಂಪುಗಳಲ್ಲಿ ಇದು ಗಂಭೀರ ದೋಷ.

ಬೆಳಕನ್ನು ಮೃದುಗೊಳಿಸಲು ಬಿಳಿ ಕಾಗದದ ಲೋಟ ಅಥವಾ ಟ್ರೇಸಿಂಗ್ ಕಾಗದವನ್ನು ಮಿಂಚುದೀಪದ ಮುಂದೆ ಹಿಡಿದರೆ ಸಾಕು. ಅಳತೆಗಾಗಿ ಅದೇ ವರ್ಧನೆಯಲ್ಲಿ ಮಿಲಿಮೀಟರ್ ಗ್ರಾಫ್ ಕಾಗದದ ಒಂದು ಚಿತ್ರವನ್ನು ತೆಗೆದಿರಿಸಲಾಗುತ್ತದೆ.

ಮಾದರಿಯ ಸಂಗ್ರಹ ಮತ್ತು ಸಾಕಣೆ

ಮೊಗ್ಗು, ಕಾಯಿ ಅಥವಾ ಎಲೆಯೊಳಗೆ ಬೆಳೆಯುವ ನೊಣಗಳಿಗೆ ಅತ್ಯಂತ ವಿಶ್ವಾಸಾರ್ಹ ಮಾರ್ಗವೆಂದರೆ ಸಾಕಿ ಹೊರತೆಗೆಯುವುದು. ಬಾಧಿತ ಭಾಗವನ್ನು ತುಸು ಒದ್ದೆಯಾದ ಮರಳಿನ ಮೇಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿದ ಡಬ್ಬಿಯಲ್ಲಿ ಇರಿಸಿದರೆ ಪ್ರೌಢ ಕೀಟಗಳು ಹೊರಬರುತ್ತವೆ. ಆಗತಾನೆ ಹೊರಬಂದ ನೊಣವು ಬಿಳಿಚಿಕೊಂಡಿದ್ದು ಬಣ್ಣದ ಗುರುತುಗಳು ಮೂಡಿರುವುದಿಲ್ಲ. ಹಣ್ಣು ನೊಣಗಳನ್ನು ಸಕ್ಕರೆ ನೀರು ಕೊಟ್ಟು ಕೆಲವು ದಿನ ಬದುಕಿಸಿದ ನಂತರವೇ ಚಿತ್ರ ತೆಗೆಯಬೇಕು. ಡಬ್ಬಿಯಿಂದ ಹೊರಬಂದದ್ದೆಲ್ಲ ಬೆಳೆಗೆ ಹಾನಿ ಮಾಡಿದ ನೊಣವೇ ಎಂದೂ ಭಾವಿಸುವಂತಿಲ್ಲ. ಗಂಟುನೊಣಗಳ ಮರಿಗಳ ಮೇಲೆ ಬದುಕುವ ಸಣ್ಣ ಪರಾವಲಂಬಿ ಕಣಜಗಳು ಅದೇ ಡಬ್ಬಿಯಿಂದ ಹೊರಬೀಳುತ್ತವೆ. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸಮತೋಲಕವನ್ನು ಹುಡುಕುವುದು ಇಲ್ಲಿ ಮತ್ತೆ ಅಗತ್ಯವಾಗುತ್ತದೆ.

ಮೃದು ದೇಹದ ನೊರಜುಗಳನ್ನು ಶೇಕಡ ೭೦ರಿಂದ ೮೦ರ ಮದ್ಯಸಾರದಲ್ಲಿಯೂ, ಡಿಎನ್‌ಎ ಪರೀಕ್ಷೆಗೆ ಬೇಕಾದವುಗಳನ್ನು ಶೇಕಡ ೯೫ಕ್ಕೂ ಮೀರಿದ ಮದ್ಯಸಾರದಲ್ಲಿಯೂ ಇಡಲಾಗುತ್ತದೆ. ಗಟ್ಟಿ ದೇಹದ ನೊಣಗಳನ್ನು ಚಿಕ್ಕ ತ್ರಿಕೋನಾಕಾರದ ಕಾಗದದ ತುದಿಗೆ ಅಂಟಿಸಿ ಒಣಗಿಸುವುದು ರೂಢಿ. ಎರಡರಲ್ಲೂ ಹಳದಿ ಬಣ್ಣ ಮಾಸುತ್ತದೆ. ಕುದುರೆನೊಣಗಳ ಕಣ್ಣಿನ ಮಿರುಗುವ ಪಟ್ಟೆಗಳಂತೂ ಒಣಗಿದೊಡನೆ ಮಾಯವಾಗುತ್ತವೆ, ತೇವಗೊಳಿಸಿದರೆ ಮರಳುವುದೂ ಉಂಟು. ಆದ್ದರಿಂದ ಜೀವಂತವಾಗಿರುವಾಗ ತೆಗೆದ ಬಣ್ಣದ ಚಿತ್ರ ಮತ್ತು ಒಣಗಿಸಿದ ಮಾದರಿ ಇವೆರಡೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಜನನಾಂಗವನ್ನು ಸ್ವಚ್ಛಗೊಳಿಸಲು ಬಳಸುವ ಶೇಕಡ ೧೦ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವು ಚರ್ಮ ಮತ್ತು ಕಣ್ಣುಗಳನ್ನು ಸುಡುವ ವಸ್ತುವಾದ್ದರಿಂದ ಪ್ರಯೋಗಾಲಯದಲ್ಲಿ, ಮೇಲ್ವಿಚಾರಣೆಯಲ್ಲಿ ಮಾತ್ರ ಈ ಕೆಲಸ ಮಾಡಬೇಕು.

ಪ್ರತಿ ಮಾದರಿಯ ಚೀಟಿಯಲ್ಲಿ ಊರು, ತಾಲ್ಲೂಕು, ದಿನಾಂಕ, ಆಶ್ರಯ ಸಸ್ಯ ಮತ್ತು ಸಂಗ್ರಹಿಸಿದ ವಿಧಾನವನ್ನು ನಮೂದಿಸಿ, ಅದೇ ಸಂಖ್ಯೆಯನ್ನು ಚಿತ್ರದ ಕಡತಕ್ಕೂ ಕೊಡಬೇಕು. ಚೀಟಿಯಿಲ್ಲದ ನೊಣಕ್ಕೆ ವೈಜ್ಞಾನಿಕ ಬೆಲೆ ಇಲ್ಲವೆಂದರೆ ತಪ್ಪಾಗದು.

ಕಾನೂನು ಮತ್ತು ದಾಖಲೆ

ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯವು ೧೯೭೪ರಲ್ಲಿ ಘೋಷಿತವಾಗಿದ್ದು ೧೧೯ ಚದರ ಕಿ.ಮೀ. ವಿಸ್ತಾರವಾಗಿದೆ. ಹುಲ್ಲುಗಾವಲಿನ ನೊಣಗಳಿಗೂ, ಕೃಷ್ಣಮೃಗದ ಹಿಕ್ಕೆಯನ್ನು ಆಶ್ರಯಿಸುವ ಸಣ್ಣ ನೊಣಗಳಿಗೂ ಇದು ನೆಲೆ. ಆದರೆ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, ೧೯೭೨ರ ಪ್ರಕಾರ ಅಭಯಾರಣ್ಯದೊಳಗೆ ಅಧ್ಯಯನ ಮತ್ತು ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ಅನುಮತಿ ಬೇಕು. ಅಲ್ಲಿಂದ ಒಂದು ನೊಣವನ್ನು ಅನುಮತಿಯಿಲ್ಲದೆ ಹಿಡಿದು ತರುವುದೂ ನಿಷಿದ್ಧ. ಖಾಸಗಿ ಹೊಲಗಳಲ್ಲಿ ರೈತರ ಒಪ್ಪಿಗೆ ಸಾಕಾಗುತ್ತದೆ. ಮಾದರಿಗಳನ್ನು ವಿದೇಶದ ತಜ್ಞರಿಗೆ ಕಳುಹಿಸುವುದಕ್ಕೆ ಜೀವವೈವಿಧ್ಯ ಕಾಯ್ದೆ, ೨೦೦೨ ಅನ್ವಯಿಸುತ್ತದೆ.

ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಲ್ಲಿ ಚಿತ್ರಗಳನ್ನು ಸ್ಥಳದ ವಿವರದೊಂದಿಗೆ ದಾಖಲಿಸಬಹುದು. ಅಲ್ಲಿನ ಸ್ವಯಂಚಾಲಿತ ಸಲಹೆಗಳು ಹೆಚ್ಚು ಚಿತ್ರಗಳಿರುವ ಪ್ರಭೇದಗಳತ್ತ ವಾಲುವುದರಿಂದ, ಸಣ್ಣ ನೊಣಗಳ ವಿಷಯದಲ್ಲಿ ಕುಟುಂಬ ಅಥವಾ ಕುಲದ ಮಟ್ಟಕ್ಕೆ ನಿಲ್ಲಿಸುವುದು ಲೇಸು. ಬೆಳೆಹಾನಿಗೆ ಸಂಬಂಧಿಸಿದ ಮಾದರಿಗಳನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಹಾಗೂ ೧೯೧೬ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಗಳಲ್ಲಿ ಕೀಟಗಳ ಶಾಶ್ವತ ಸಂಗ್ರಹಗಳಿವೆ. ಜಿಲ್ಲೆಗೆ ಹೊಸದೆನಿಸುವ ನೊಣವೊಂದು ಸಿಕ್ಕಾಗ ಅದರ ಒಂದಾದರೂ ಗಂಡು ಮಾದರಿಯು ಇಂತಹ ಸಂಗ್ರಹವನ್ನು ಸೇರಿದ್ದರೆ, ಮುಂದೆ ಹೆಸರು ಬದಲಾದರೂ ದಾಖಲೆಯನ್ನು ಮರುಪರಿಶೀಲಿಸಲು ಸಾಧ್ಯವಾಗುತ್ತದೆ.